ಟವೆಲ್ ಕೆಳಗಿನ ಕೈ

ದನದ ಸಂತೆಯ ಗೇಟಿಗೆ ನಿನ್ನೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ನಮ್ಮ ಕಾಕಾ ಸತ್ತು ವರ್ಷ ತುಂಬಿತಲ್ಲ, ಅದರ ಪುಣ್ಯಸ್ಮರಣೆ. ಫೋಟೊ ಆಧಾರ್ ಕಾರ್ಡಿನಿಂದ ಎತ್ತಿದ್ದು. ದೊಡ್ಡದು ಮಾಡಿದ್ದರಿಂದ ಮುಖ ನೀರಲ್ಲಿ ನೆನೆದ ರೊಟ್ಟಿಯ ಹಾಗಾಗಿದೆ. ಕೆಳಗೆ ಕೆಂಪಕ್ಷರದಲ್ಲಿ ‘ನಂಬಿಕೆಯ ಇನ್ನೊಂದು ಹೆಸರು’. ಸುತ್ತಲೂ, ಸತ್ತವನಿಗಿಂತ ಎರಡು ಪಟ್ಟು ದೊಡ್ಡದಾಗಿ, ಕೈಮುಗಿದು ನಿಂತ ಹನ್ನೊಂದು ಹಿರಿಯ ದಲ್ಲಾಳಿಗಳು. ಈ ಹನ್ನೊಂದರಲ್ಲಿ ಏಳು ಜನ ಆರು ವರ್ಷದ ಹಿಂದೆ ಅದೇ ಗೇಟಿನ ಒಳಗೆ, ಬೇವಿನ ಮರದ ಕೆಳಗೆ ಕೂತು, ಅವನನ್ನು ಕಳ್ಳ ಎಂದು ತೀರ್ಮಾನ ಮಾಡಿ ಹೆಗಲ ಮೇಲಿನ ಟವೆಲ್ ತೆಗೆಸಿದವರು. ನಂಬಿಕೆಗೆ ಇನ್ನೊಂದು ಹೆಸರು ಸಿಗಬೇಕಾದರೆ ಮನುಷ್ಯ ಮೊದಲು ಸಾಯಬೇಕು. ಬದುಕಿರುವವನಿಗೆ ಇರುವ ಹೆಸರೂ ಉಳಿಯುವುದಿಲ್ಲ.

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದೂ ಒಂದು ವ್ಯಾಪಾರ. ಅದರ ಮಾತು ಕೊನೆಗೆ. ಸುರಪುರದವನು, ನನಗೆ ರಕ್ತಸಂಬಂಧಿಯಲ್ಲ, ಆದರೂ ಕಾಕಾ. ‘ಅವರು’ ಎಂದು ಬರೆಯುತ್ತಿಲ್ಲ ಎಂದು ಯಾರೂ ಸಿಟ್ಟಾಗಬೇಡಿ. ನಮ್ಮ ಕಡೆ ಹತ್ತಿರದವರಿಗೆ ಬಹುವಚನ ಹಾಕಿದರೆ ಜಗಳವಾಗಿದೆ ಎಂದೇ ಲೆಕ್ಕ.

ನಾನು ಆಗ ಸಂತೆಯಲ್ಲಿ ಹಗ್ಗ, ಮೂಗುದಾರ, ಗೆಜ್ಜೆ ಮಾರುತ್ತಿದ್ದೆ. ಈಗ ಶಹಾಪುರದ ರಸ್ತೆಗೆ ಹಳೆಯ ಟ್ರ್ಯಾಕ್ಟರ್ ಕೊಳ್ಳುವ ಕೊಡುವ ನನ್ನ ಅಂಗಳವಿದೆ. ಹಗ್ಗದಿಂದ ಟ್ರ್ಯಾಕ್ಟರಿಗೆ ಹೇಗೆ ಬಂದೆ ಎಂದು ಕೇಳುವವರಿಗೆಲ್ಲ ಹೇಳುತ್ತೇನೆ: ಕಾಕಾನ ಪಕ್ಕ ಹದಿನೈದು ವರ್ಷ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಅಷ್ಟೇ. ನಿಮ್ಮ ಮಕ್ಕಳಿಗೂ ಅದನ್ನೇ ಹೇಳಿ. ವ್ಯಾಪಾರ ಕಲಿಸುವ ಕಾಲೇಜಿಗೆ ಕಳಿಸುವ ಮೊದಲು ಒಬ್ಬ ಒಳ್ಳೆಯ ದಲ್ಲಾಳಿಯ ಪಕ್ಕ ನಿಲ್ಲಿಸಿ. ಬಿಸಿಲು ತಡೆದುಕೊಂಡರೆ ವ್ಯಾಪಾರವನ್ನೂ ತಡೆದುಕೊಳ್ಳುತ್ತಾರೆ.

ಹೊರಗಿನವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಸಂತೆಯಲ್ಲಿ ಎತ್ತಿನ ದರವನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲಿನ ಟವೆಲ್ ತೆಗೆದು ತನ್ನ ಬಲಗೈ ಮೇಲೂ ಗಿರಾಕಿಯ ಬಲಗೈ ಮೇಲೂ ಹೊದಿಸುತ್ತಾನೆ. ಒಳಗೆ ಬೆರಳು ಹಿಡಿದು ಒತ್ತುತ್ತಾನೆ. ಎಷ್ಟು ಬೆರಳು ಹಿಡಿದ, ಎಷ್ಟು ಸಲ ಒತ್ತಿದ, ಅದೇ ದರ; ಒಂದೇ ಬೆರಳನ್ನು ಎರಡು ಸಲ ಒತ್ತಿದರೆ ಎರಡು ಬೆರಳಿನ ಲೆಕ್ಕ. ಸುತ್ತ ನಿಂತವರಿಗೆ ಕಾಣುವುದು ಅಲುಗುವ ಬಟ್ಟೆ ಮಾತ್ರ. ಗಿರಾಕಿ ಒಪ್ಪದಿದ್ದರೆ ಕೈ ಜಗ್ಗಿಕೊಳ್ಳುತ್ತಾನೆ. ಒಪ್ಪಿದರೆ ‘ಹಗ್ಗ ಬಿಡು’ ಎನ್ನುತ್ತಾರೆ, ಎತ್ತಿನ ಹಗ್ಗ ಕೈ ಬದಲಾಗುತ್ತದೆ. ಟವೆಲ್ ಕೆಳಗೆ ಆದದ್ದನ್ನು ಆಮೇಲೆ ಬಾಯಲ್ಲಿ ಹೇಳಬಾರದು. ಚೀಟಿಯಿಲ್ಲ, ಸಹಿಯಿಲ್ಲ, ಸಾಕ್ಷಿಯಿಲ್ಲ. ಆ ಕತ್ತಲೆಯಲ್ಲಿ ದಲ್ಲಾಳಿಗೆ ಇರುವುದು ಒಂದೇ ಆಸ್ತಿ, ಅವನ ಬಲಗೈ.

ಕಾಕಾನ ಬಲಗೈ ಎಂದರೆ ಇಕ್ಕಳ. ಒಂದು ಬೆರಳೆಂದರೆ ಒಂದೇ ಬೆರಳು, ಒಂದು ಸಲವೆಂದರೆ ಒಂದೇ ಸಲ. ಕಕ್ಕೇರಾದಿಂದ ಹತ್ತಿಕುಣಿಯವರೆಗೆ ಅವನ ಕೈ ಹಿಡಿದವರು ದರ ಮರೆತರೂ ಹಿಡಿತ ಮರೆಯುತ್ತಿರಲಿಲ್ಲ. ಉಳಿದಂತೆ ಅವನಲ್ಲಿ ಹೊಗಳುವಂಥದ್ದು ಕಡಿಮೆ. ಮಹಾ ಒಣಜಂಬ. ಮದುವೆಗೆ ಹೋದರೆ ಊಟಕ್ಕಿಂತ ಮೊದಲು ವರನ ನಡಿಗೆ ನೋಡುತ್ತಿದ್ದ. ‘ಬಲಗಾಲು ಎಳಿತಾನಲೇ, ಗೊಬ್ಬರದ ಚೀಲ ಹೊರಸಿ ಕೆಡಿಸ್ಯಾರ’ ಎಂದು ಹೆಣ್ಣಿನ ಕಡೆಯವರ ಎದುರೇ ಹೇಳುತ್ತಿದ್ದ. ತಹಶೀಲ್ದಾರರು ಸಂತೆಗೆ ಬಂದಾಗ ಅವರ ಹಿಂದೆಯೇ ನಿಂತು ನನ್ನ ಕಿವಿಯಲ್ಲಿ, ‘ಬಾಯಿ ಗೂಡ್ಯಾದ, ಇನ್ನ ದುಡಿಯೂ ಮಾಲಲ್ಲ’ ಎಂದ. ಹಲ್ಲು ಪೂರಾ ಬಂದು ವಯಸ್ಸಾದ ಎತ್ತಿಗೆ ನಾವು ಹಾಗನ್ನುತ್ತೇವೆ. ಆ ಸಾಹೇಬರಿಗೆ ಕೇಳಿಸಿತೋ ಏನೋ, ಆ ವರ್ಷ ಸಂತೆಗೆ ಕುಡಿಯುವ ನೀರಿನ ಟಾಕಿ ಬರಲಿಲ್ಲ.

‘ಮಾರಾವನ ಬಾಯಿ ನೋಡಬ್ಯಾಡ, ಎತ್ತಿನ ಬಾಯಿ ನೋಡು’ ಎನ್ನುತ್ತಿದ್ದ. ಎತ್ತಿನ ತುಟಿ ಬಿಡಿಸಿ ಹಲ್ಲೆಣಿಸಿ, ಕೊನೆಗೆ ಮೂಗಿಟ್ಟು ಅದರ ಉಸಿರು ಮೂಸುತ್ತಿದ್ದ. ಹೊಟ್ಟೆ ಕೆಟ್ಟಿದೆಯೋ, ಬಾಯಲ್ಲಿ ಹುಣ್ಣಿದೆಯೋ, ಮೂಸಿಯೇ ಹೇಳುತ್ತಿದ್ದ. ಆಮೇಲಾಮೇಲೆ ಮೂಸುವುದು ಬರೀ ನಾಟಕವಾಯಿತು. ನನಗೆ ಗೊತ್ತಾದದ್ದು ಹೀಗೆ: ಒಂದು ಸಲ ಪಕ್ಕದಲ್ಲೇ ಯಾರದೋ ಒಲೆಯ ಮೇಲೆ ಒಗ್ಗರಣೆ ಸೀದು ಸಂತೆಗೆಲ್ಲ ಕೆಮ್ಮು ಬಂತು, ಕಾಕಾ ಮಾತ್ರ, ‘ಯಾಕ್ ಕೆಮ್ಮಾಕತ್ತೀರಿ ಎಲ್ಲಾರೂ?’ ಎಂದು ಕೇಳಿದ. ನಾನು ನಕ್ಕುಬಿಟ್ಟೆ. ಎತ್ತಿನ ರೋಗವನ್ನು ಮೂವತ್ತು ಹೆಜ್ಜೆ ದೂರದಿಂದ ಹೇಳುವವರ ನಡುವೆ ಮನುಷ್ಯನ ರೋಗ ಮೂಗಿನ ಕೆಳಗೇ ಸಂತೆ ಮಾಡುತ್ತಿತ್ತು.

ಅದಕ್ಕೂ ಮೊದಲೇ ಶುರುವಾದದ್ದು ನಿದ್ದೆಯದು. ಅದನ್ನು ನಾನು ಕೇಳಿದ್ದು ಅವನ ಹೆಂಡತಿ ಕಾಕಿಯಿಂದ. ಒಂದು ಬೆಳಿಗ್ಗೆ ಅವರ ಮನೆಗೆ ಹೋದರೆ ಕಾಕಿಯ ಎಡಗಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಾನು ಕಾಕಾನ ಕಡೆ ನೋಡಿದೆ. ಕಾಕಾ ನೆಲ ನೋಡಿದ.

‘ಅವನ್ನ ಯಾಕ್ ನೋಡ್ತಿ? ಪಾಪ, ಅಂವಗ ಗೊತ್ತೇ ಇಲ್ಲ. ನಿದ್ದ್ಯಾಗ ವ್ಯಾಪಾರ ನಡಸ್ಯಾನ. ನನ್ನ ಗಲ್ಲ ಹಿಡದು ಬಾಯಿ ತಗಿಸಿ ಹಲ್ಲು ನೋಡಾಕ ಬಂದ. ನಾ ಕೊಸರಿಕೊಂಡ್ರ ಗುದ್ದ್ಯಾನ’ ಎಂದಳು ಕಾಕಿ.

‘ಎಷ್ಟ್ ಹಲ್ಲು ಅಂದ, ಕಾಕಿ?’

‘ನಾಕು ಅಂದ. ಅಷ್ಟರ ಮಟ್ಟಿಗೆ ಮರ್ಯಾದಿ ಕೊಟ್ಟಾನ, ಬಾಯಿ ಗೂಡ್ಯಾದ ಅನ್ನಲಿಲ್ಲ.’

ಓಣಿಯವರು ನಂಬಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು, ‘ನಿದ್ದ್ಯಾಗ ಹೊಡದ್ನಂತ! ನಮ್ಮ ಮನ್ಯಾವೂ ಹಂಗೇ, ಕುಡದು ಬಂದು ನಿದ್ದಿ ಮಾಡೂಕಿಂತ ಮೊದಲು ಹೊಡಿತಾನ’ ಎಂದು ನಕ್ಕರು. ಕಾಕಾ ಕುಡಿಯುತ್ತಿರಲಿಲ್ಲ, ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಮುದಿ ಎತ್ತುಗಳನ್ನು ಮಾರಿದ ಶಾಪ ಎಂದರು ಕೆಲವರು. ದೇವಾಪುರದ ಕಡೆಯಿಂದ ಒಬ್ಬ ಬಂದು ತಾಯತ ಕಟ್ಟಿ ಹೋದ. ಇನ್ನೊಬ್ಬ, ಹಾಸಿಗೆಯ ಕೆಳಗೆ ಕುಡುಗೋಲು ಇಡಲು ಹೇಳಿದ. ನಿದ್ದೆಯಲ್ಲಿ ಕೈ ಬೀಸುವವನ ಹಾಸಿಗೆಯ ಕೆಳಗೆ ಕುಡುಗೋಲು! ಇಂಥ ಬುದ್ಧಿ ಹೇಳುವವರಿಗೆ ನಮ್ಮ ಜಿಲ್ಲೆಯಲ್ಲಿ ಬರಗಾಲವೇ ಇಲ್ಲ.

ನಾನೇನು ಕಡಿಮೆಯವನಲ್ಲ. ಕೇಳದವರಿಗೂ ಸಲಹೆ ಕೊಡುವುದು ನನ್ನ ಜಾಯಮಾನ. ಮಂಚದ ದಿಕ್ಕು ಬದಲಿಸಿ ಎಂದೆ. ರಾತ್ರಿ ಬದನೆಕಾಯಿ ಬಿಡಿ ಎಂದೆ. ಕಡೆಗೆ ನನ್ನ ಅಂಗಡಿಯಿಂದಲೇ ಒಳ್ಳೆಯ ನೂಲಿನ ಹಗ್ಗ ತಂದು ಕೊಟ್ಟು, ‘ಮಲಗುವಾಗ ಕಾಲಿಗೆ ಕಟ್ಟಿ ಮಂಚಕ್ಕ ಬಿಗಿ, ಕಾಕಿ’ ಎಂದೆ. ಹೋರಿಗೆ ಕಟ್ಟುವ ಹಗ್ಗ ಅದು. ಮೂರನೆಯ ದಿನ ಕಾಕಾ ಮಂಚದ ಸಮೇತ ಬಾಗಿಲವರೆಗೆ ಬಂದಿದ್ದನಂತೆ. ಹಗ್ಗ ಮಾತ್ರ ಹರಿದಿರಲಿಲ್ಲ, ಮಾಲು ಅಂಥದ್ದು. ಆಮೇಲೆ ಕಾಕಿ ನೆಲಕ್ಕೆ ಹಾಸಿಕೊಂಡು, ನಡುವೆ ಜೋಳದ ಚೀಲ ಅಡ್ಡ ಇಟ್ಟು ಮಲಗಲು ಶುರು ಮಾಡಿದಳು. ಅಷ್ಟೂ ಸಲಹೆಗಳಲ್ಲಿ ಬುದ್ಧಿಯ ಕೆಲಸ ಅದೊಂದೇ, ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೀಗೆ ಹನ್ನೆರಡು ವರ್ಷ.

ಈಗ ಆ ಸಂತೆಯ ದಿನಕ್ಕೆ ಬರುತ್ತೇನೆ. ಕಾರಹುಣ್ಣಿಮೆಗೆ ಮುಂಚಿನ ಸಂತೆ, ಒಳ್ಳೆಯ ಎತ್ತುಗಳು ಬರುವ ಹೊತ್ತು. ಮಾರುವವನು ಕಕ್ಕೇರಾದ ರೈತ, ಕೊಳ್ಳುವವನು ಹತ್ತಿಕುಣಿಯವನು. ನಡುವೆ ಕಾಕಾ. ಆರು ಹಲ್ಲಿನ ಜೋಡಿ, ನೋಡಿದರೆ ಕಣ್ಣು ತುಂಬುವಂಥದ್ದು. ಕಾಕಾ ಮೊದಲು ಕಕ್ಕೇರಾದವನ ಕೈ ಹಿಡಿದು ದರ ಕೇಳಿಕೊಂಡ. ಆಮೇಲೆ ಹತ್ತಿಕುಣಿಯವನ ಕೈ ಹಿಡಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಟವೆಲ್ ಅಲುಗಿತು, ಅಲುಗಿದ್ದು ನಿಲ್ಲಲೇ ಇಲ್ಲ. ಗಾಳಿ ಇರಲಿಲ್ಲ. ಹತ್ತಿಕುಣಿಯವನು ಹುಬ್ಬು ಗಂಟಿಕ್ಕಿ, ಸ್ವಲ್ಪ ಯೋಚಿಸಿ, ‘ಆತು, ಹಗ್ಗ ಬಿಡ್ರಿ’ ಎಂದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅವತ್ತು ಇಡೀ ಸಂತೆಯಲ್ಲಿ ಒಬ್ಬನೇ ಒಬ್ಬ ಪ್ರಾಮಾಣಿಕ ಮನುಷ್ಯ ಬಂದಿದ್ದ, ಅವನು ನಮ್ಮ ಪಾಲಿಗೇ ಬಿದ್ದ. ಹಣ ಕೈಗೆ ಬಂದ ಮೇಲೆ ಕಕ್ಕೇರಾದವನು ಮುಖ ಎತ್ತಿ, ‘ಅಲ್ರಿ, ಇದು ಒಂದ್ ಬೆರಳು ಜಾಸ್ತಿ ಅದ. ನಾ ಇಷ್ಟ್ ಹೇಳಿಲ್ಲ’ ಎಂದುಬಿಟ್ಟ. ಇಟ್ಟುಕೊಂಡು ಮನೆಗೆ ಹೋಗಿದ್ದರೆ ಅವನಿಗೂ ಲಾಭ, ಕಾಕಾನಿಗೂ ಲಾಭ. ಒಳ್ಳೆಯತನ ತೋರಿಸುವ ಮುಂಚೆ ಸುತ್ತ ಯಾರಿದ್ದಾರೆ ನೋಡಿಕೊಳ್ಳಬೇಕು. ಇದನ್ನೂ ಬರೆದಿಟ್ಟುಕೊಳ್ಳಿ.

ಹತ್ತಿಕುಣಿಯವನು ಹೌಹಾರಿ, ‘ನಂಗ ಅಷ್ಟೇ ಒತ್ಯಾನ್ರಿ! ನನ್ನ ಕೈಗೇನ್ ಬುದ್ಧಿ ಇಲ್ಲೇನು?’ ಎಂದ.

ಎರಡು ಕೈಗೆ ಎರಡು ದರ. ಕೊಳ್ಳುವವನಿಗೆ ಹೆಚ್ಚಿಗೆ ಒತ್ತಿ, ಆ ಮೇಲಿನದನ್ನು ಆಮೇಲೆ ಮಾರುವವನಿಂದ ಗುಟ್ಟಾಗಿ ಈಸಿಕೊಳ್ಳುವುದು ಕಳ್ಳ ದಲ್ಲಾಳಿಗಳ ರೂಢಿ. ಹಾಗಾದರೆ ನಡುವಿನ ಒಂದು ಬೆರಳು ಯಾರ ಕಿಸೆಗೆ? ಸಂತೆಗೆ ಇದಕ್ಕಿಂತ ರುಚಿಯಾದ ಪ್ರಶ್ನೆ ಬೇಕೇ? ಮಿರ್ಚಿ ಭಜಿ ತಿನ್ನುತ್ತಿದ್ದವರೂ ಪೊಟ್ಟಣ ಹಿಡಿದುಕೊಂಡೇ ಬಂದರು. ಹಿರಿಯರು ಬೇವಿನ ಮರದ ಕೆಳಗೆ ಕೂತರು. ಅವರಲ್ಲಿ ಮುಖ್ಯ ಮನುಷ್ಯ, ಈಗ ಫ್ಲೆಕ್ಸಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವನೇ, ಮೀಸೆ ತಿರುವಿ ಕೇಳಿದ:

‘ಹೇಳಪಾ. ತಪ್ಪಿ ಒತ್ತಿದ್ಯೋ, ಬೇಕಂತ ಒತ್ತಿದ್ಯೋ?’

ಕಾಕಾ ಬಲಗೈಯನ್ನು ಧೋತರದ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಒಂದು ಕ್ಷಣವೂ ತಡೆಯಲಿಲ್ಲ.

‘ಬೇಕಂತ ಒತ್ತೀನಿ. ನಂಗಂತ ಇಟ್ಟಿದ್ದೆ. ಏನ್ ಮಾಡ್ತೀರೋ ಮಾಡ್ರಿ.’

ನಲವತ್ತು ವರ್ಷದ ಕೈ ಅದು. ಆ ಏಳು ಜನ, ಪ್ರತಿ ಸಂತೆಗೂ ಎರಡೆರಡು ಬೆರಳು ನುಂಗಿ ನೀರು ಕುಡಿಯುವವರು, ನ್ಯಾಯದ ಮುಖ ಮಾಡಿಕೊಂಡು ಒಂದು ಹಂಗಾಮು ಸಂತೆಗೆ ಕಾಲಿಡಬಾರದು ಎಂದರು. ಟವೆಲ್ ಕೆಳಗಿಡು ಎಂದರು. ಕಾಕಾ ಎಡಗೈಯಿಂದ ಟವೆಲ್ ಎತ್ತಿ ನೆಲದ ಮೇಲೆ ಹಾಕಿದ. ಅದನ್ನು ನಾನು ಎತ್ತಿಕೊಂಡೆ.

ವಾಪಸ್ ಬರುವಾಗ ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕೂತ. ಬಲಗೈ ನನ್ನ ಹೆಗಲ ಮೇಲೆ. ಗಾಡಿ ನಿಲ್ಲಿಸಿದಾಗಲೂ ಹೆಗಲು ಅಲುಗುತ್ತಿತ್ತು. ಎಂಜಿನ್ ಆರಿಸಿದೆ. ಆದರೂ ಅಲುಗುತ್ತಿತ್ತು.

‘ಕಾಕಾ, ಇದೇನಿದು?’

‘ಏನಿಲ್ಲ, ನಡಿ.’

‘ನೀ ಬೇಕಂತ ಒತ್ತಿಲ್ಲ. ಕೈ ನಡಗಿ ಎರಡ್ ಸಲ ಆಗ್ಯಾದ. ಹಂಗಂತ ಅಲ್ಲೇ ಹೇಳಬೇಕಿತ್ತಿಲ್ಲೋ ಮಾರಾಯಾ! ಸುಮ್ಮ ಸುಮ್ಮನ ಕಳ್ಳ ಅನಸ್ಕೊಂಡಿ.’

ಆಗ ಅವನು ಹೇಳಿದ ಮಾತನ್ನು ನಾನು ಇವತ್ತಿಗೂ ವ್ಯಾಪಾರಕ್ಕೆ ಕೂರುವ ಮೊದಲು ನೆನೆಯುತ್ತೇನೆ.

‘ಹುಚ್ಚಪ್ಯಾಟಿ ಅದೀ ನೀ. ಕಳ್ಳ ದಲ್ಲಾಳಿ ಕಡಿ ಗಿರಾಕಿ ಬರತಾರ. ಕಳ್ಳ ಅಂತ ಗೊತ್ತಿದ್ರ ಹುಷಾರಿಲೆ ಒಂದ್ ಬೆರಳು ಕಮ್ಮಿ ಕೇಳತಾರ, ಅಷ್ಟೇ. ನಡಗೋ ಕೈಗೆ ಯಾವ ಮಗ ಕೈ ಕೊಡತಾನ? ಕಳ್ಳ ಅನ್ನಲಿ. ಕೈ ಹೋಗ್ಯಾದ ಅನಬಾರದು. ನೀ ಬಾಯಿ ಬಿಟ್ಟಿ ಅಂದ್ರ ನನ್ನ ಹೆಣ ನೋಡ್ತಿ.’

ಹೆಸರು ಮಾರಿ ಕೈ ಉಳಿಸಿಕೊಂಡ. ಇಂಥ ವ್ಯಾಪಾರವನ್ನು ನಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಒಂದೇ ತೊಂದರೆ, ಅವನು ಉಳಿಸಿಕೊಂಡ ಮಾಲು ಆಗಲೇ ಕೆಟ್ಟಿತ್ತು.

ಡಾಕ್ಟರ ಹತ್ತಿರ ಒಯ್ಯಲು ನನಗೂ ಕಾಕಿಗೂ ಎರಡು ತಿಂಗಳು ಹಿಡಿಯಿತು. ಯಾದಗಿರಿಯಲ್ಲಿ ತೋರಿಸೋಣವೆಂದರೆ ‘ಅಲ್ಲಿ ಎಲ್ಲಾರೂ ನಮ್ಮ ಮಂದಿನೇ’ ಎಂದ. ಕಡೆಗೆ ಹೈದರಾಬಾದಿಗೆ ಎಮ್ಮೆ ನೋಡಲು ಹೋಗುತ್ತೇವೆ ಎಂದು ಊರಿಗೆಲ್ಲ ಸುಳ್ಳು ಹೇಳಿ, ಕಾರು ಮಾಡಿಕೊಂಡು ಗುರುಮಠಕಲ್ ದಾಟಿದೆವು. ಹೈದರಾಬಾದಿನ ನರರೋಗದ ಡಾಕ್ಟರಮ್ಮ ರಾಯಚೂರಿನ ಕಡೆಯವಳು, ನಮ್ಮ ಮಾತೇ ಆಡುತ್ತಿದ್ದಳು. ಕಾಕಾನನ್ನು ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಸಿ ನೋಡಿದಳು. ಬಲಗಾಲು ಎಳೆಯುತ್ತಿದ್ದ. ಬಲಗೈ ಬೀಸುತ್ತಲೇ ಇರಲಿಲ್ಲ. ಮದುವೆಮನೆಗಳಲ್ಲಿ ವರನ ಕಾಲು ನೋಡುತ್ತಿದ್ದ ಮನುಷ್ಯನನ್ನು ಹೀಗೆ ಒಬ್ಬ ಹುಡುಗಿ ನಡೆಸಿ ನೋಡುವಾಗ ನಗು ಬರಬೇಕಿತ್ತು. ಅಂಗಿ ಬಿಚ್ಚಿದ ಆ ಬೆನ್ನು ನೋಡಿ ಬರಲಿಲ್ಲ.

ಡಾಕ್ಟರಮ್ಮ ಕೈಯ ವಿಷಯ ಬಿಟ್ಟು ಕಾಕಿಯ ಕಡೆ ತಿರುಗಿದಳು. ‘ಅಮ್ಮಾ, ಇವ್ರು ನಿದ್ದ್ಯಾಗ ಒದಿಯೂದು, ಚೀರೂದು ಏನಾದ್ರೂ ಮಾಡತಾರೇನು?’

ಕಾಕಿ ನನ್ನ ಮುಖ ನೋಡಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನಗದೆ ಅದನ್ನು ಕೇಳಿದ್ದರು. ಅವಳು ತಡೆದು ತಡೆದು ಎಲ್ಲ ಹೇಳಿದಳು. ಹಲ್ಲು ನೋಡಿದ್ದು, ಮಂಚ ಎಳೆದದ್ದು, ಜೋಳದ ಚೀಲ. ಹಗ್ಗ ಕೊಟ್ಟವರು ಯಾರು ಎಂಬುದನ್ನು ಮಾತ್ರ ನುಂಗಿದಳು. ಆ ಉಪಕಾರ ನಾನು ಮರೆತಿಲ್ಲ.

ಆಮೇಲೆ ಒಂದು ಪರೀಕ್ಷೆ ಮಾಡಿಸಿದರು. ರಕ್ತನಾಳಕ್ಕೆ ಔಷಧಿ ಕೊಟ್ಟು, ಕೆಲವು ಗಂಟೆ ಬಿಟ್ಟು, ಮಿದುಳಿನ ಚಿತ್ರ ತೆಗೆಯುತ್ತಾರೆ. ಡಾಕ್ಟರಮ್ಮ ಎರಡು ಚಿತ್ರ ಪಕ್ಕಪಕ್ಕ ಹಿಡಿದು ವಿವರಿಸಿದಳು. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಸ ತಯಾರಿಸುವ ಜೀವಕಣಗಳಿವೆ. ಕೈಕಾಲು ಹೇಳಿದಂತೆ ಕೇಳಬೇಕಾದರೆ ಆ ರಸ ಬೇಕು. ಆರೋಗ್ಯವಂತನ ಚಿತ್ರದಲ್ಲಿ ಆ ಜಾಗ ಎಡಕ್ಕೊಂದು ಬಲಕ್ಕೊಂದು ಬಾಗಿದ ಗೆರೆಯಂತೆ ಹೊಳೆಯುತ್ತದೆ. ಕಾಕಾನದರಲ್ಲಿ ಆ ಗೆರೆಗಳ ಬಾಲ ಅಳಿಸಿಹೋಗಿ ಎರಡು ಚುಕ್ಕೆ ಮಾತ್ರ ಉಳಿದಿದ್ದವು. ಎಡಗಡೆಯದು ಇನ್ನೂ ಮಸುಕು. ಮಿದುಳಿನ ಎಡಭಾಗವೇ ಬಲಗೈಗೆ ಯಜಮಾನನಂತೆ.

ಕಾಕಾ ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿ, ಸಂತೆಯ ದನಿಯಲ್ಲೇ ಹೇಳಿದ: ‘ಇದು ಕೊಂಬು ಅಲ್ಲೇನವಾ? ಅವಂದು ಜೋಡಿ ಕೊಂಬು ಬರೋಬ್ಬರಿ ಅದಾವ. ನಂದು ಎರಡೂ ಬುಡಕ್ಕ ಮುರದಾವ.’

‘ಹಂಗೇ ತಿಳ್ಕೊಳ್ಳ್ರಿ’ ಎಂದಳು ಅವಳು. ‘ಕೈ ನಡಗೂ ಹೊತ್ತಿಗೆ ಬಾಳ ಕಣ ಹೋಗಿರತಾವ್ರಿ. ನಿದ್ದ್ಯಾಗಿನ ಒದಿಯೂದು ಅದಕ್ಕಿಂತ ಎಷ್ಟೋ ವರ್ಷ ಮೊದಲು ಬಂದ ಸುಳಿವು. ಕನಸು ಬಿದ್ದಾಗ ಮೈ ಅಲಗಬಾರದಂತ ಮಿದುಳಿನಾಗ ಒಂದು ತಡಿ ಇರತದ. ಇವರಿಗೆ ಮೊದಲು ಕೆಟ್ಟದ್ದು ಅದು. ವಾಸನಿ ಹೋಗೂದೂ ಅಂಥದ್ದೇ ಸುಳಿವು.’

ನಾನು ಹಗ್ಗ ಮಾರಿದವನು, ನನಗೆ ತಕ್ಷಣ ತಿಳಿಯಿತು. ಎಲ್ಲರ ಕನಸಿನ ಎತ್ತೂ ರಾತ್ರಿ ಗೂಟಕ್ಕೆ ಕಟ್ಟಿಕೊಂಡಿರುತ್ತದೆ. ಕಾಕಾನದು ಒಳಗಿನ ಹಗ್ಗ ಹರಿದುಕೊಂಡಿತ್ತು. ನಾವು ಹೊರಗಿನಿಂದ ಬಿಗಿಯುತ್ತಿದ್ದೆವು.

ಕಾಕಾ ಅಲ್ಲಿಯೂ ಚೌಕಾಸಿ ಬಿಡಲಿಲ್ಲ. ‘ಪೂರಾ ವಾಸಿ ಬ್ಯಾಡ. ಬಲಗೈ ಒಂದಿಷ್ಟು ಮಾಡಿ ಕೊಡು, ಕಾಲು ನೀನೇ ಇಟ್ಕೋ’ ಎಂದ. ಅವಳು ನಕ್ಕು ಮಾತ್ರೆ ಬರೆದಳು. ಸತ್ತ ಕಣ ಬದುಕುವುದಿಲ್ಲ, ಇಲ್ಲದ ರಸವನ್ನು ಮಾತ್ರೆ ಸ್ವಲ್ಪ ಹೊತ್ತು ತುಂಬಿಕೊಡುತ್ತದೆ ಎಂದಳು. ನಿದ್ದೆಗೆ ಬೇರೆ ಮಾತ್ರೆ. ಕಾಕಿಗೆ, ಬೇರೆ ಹಾಸಿಗೆ ಮಾಡಿಕೊಳ್ಳಿ, ಹತ್ತಿರ ಚೂಪಾದ ಸಾಮಾನು ಇಡಬೇಡಿ ಎಂದಳು. ಕುಡುಗೋಲಿನ ವಿಷಯ ನಾವಿಬ್ಬರೂ ಎತ್ತಲಿಲ್ಲ.

ನನ್ನ ಮಾತು ಕೇಳಿ. ನಿಮ್ಮ ಮನೆಯಲ್ಲಿ ವಯಸ್ಸಾದವರು ನಿದ್ದೆಯಲ್ಲಿ ಕನಸಿನ ಜೊತೆ ಕೈಕಾಲು ಆಡಿಸಿ ಗುದ್ದಾಡುತ್ತಿದ್ದರೆ ತಾಯತದವನನ್ನೂ ನನ್ನಂಥವನನ್ನೂ ಬಿಟ್ಟು ಡಾಕ್ಟರಿಗೆ ತೋರಿಸಿ. ಒದೆಯುವವರಿಗೆಲ್ಲ ಇದೇ ಬರುತ್ತದೆ ಎಂದಲ್ಲ, ಡಾಕ್ಟರಮ್ಮನೇ ಹಾಗೆಂದಳು. ಆದರೆ ಎತ್ತು ಮೇವು ಬಿಟ್ಟರೆ ಮೂರು ತಾಲೂಕು ಓಡಾಡುವ ನಾವು, ಹೆಂಡತಿಯ ಕಣ್ಣು ನೀಲಿಯಾದರೆ ಮಂಚದ ದಿಕ್ಕು ಬದಲಿಸುತ್ತೇವೆ.

ಪರೀಕ್ಷೆಯ ಫಿಲ್ಮ್ ನನ್ನ ಕೈಗೆ ಬಂತು. ನನ್ನ ವ್ಯಾಪಾರದ ಬುದ್ಧಿಗೆ ಅದು ಬರೀ ಚಿತ್ರವಾಗಿ ಕಾಣಲಿಲ್ಲ. ಕಾಕಾ ಕಳ್ಳನಲ್ಲ ಎಂಬುದಕ್ಕೆ ಟವೆಲ್ ಕೆಳಗಿನಿಂದ ಎದ್ದು ಬಂದ ಒಂದೇ ಒಂದು ಸಾಕ್ಷಿ ಅದು. ದಾರಿಯಲ್ಲೇ ಹೇಳಿದೆ: ‘ಬರೂ ಸಂತಿಗೆ ಇದನ್ನ ಆ ಏಳೂ ಮಂದಿ ಮಾರಿ ಮುಂದ ಹಿಡಿತೀನಿ.’

‘ಹಿಡಿ. ಆಮ್ಯಾಲ ಅದೇ ಸಂತ್ಯಾಗ ನನ್ನೂ ಹಗ್ಗ ಕಟ್ಟಿ ನಿಲ್ಲಸು. ಕೊಂಬು ಮುರದದ್ದು ಅಂತ ಕಮ್ಮಿ ದರಕ್ಕ ಒಯ್ಯತಾರ’ ಎಂದ. ಮುಂದಿನ ಸೀಟಿನಿಂದ ಕಾಕಿ ಮಾತ್ರ ಹೇಳಿದಳು: ‘ಕಳ್ಳನ ಹೇಂತಿ ಅಂತ ನಲ್ಲಿ ಹತ್ರ ಅನಸ್ಕೊಳ್ಳಾಕಿ ನಾನು. ಇಂವಗೇನಾಗಬೇಕು?’ ಕಾಕಾ ಕಿಟಕಿಯ ಕಡೆ ತಿರುಗಿದ. ಫಿಲ್ಮ್ ನನ್ನ ಬೀರುವಿಗೆ ಹೋಯಿತು.

ಹಂಗಾಮು ಮುಗಿದ ಮೇಲೆ ಅವನು ಸಂತೆಗೆ ವಾಪಸ್ ಬಂದ. ನೋಡಿ ಮಜಾ, ಅವನು ಹೇಳಿದ್ದೇ ಸರಿಯಾಯಿತು. ಗಿರಾಕಿಗಳು ಬಂದರು, ಮೊದಲಿಗಿಂತ ಹೆಚ್ಚೇ ಬಂದರು. ಕಳ್ಳ ಎಂದ ಮೇಲೆ ಬಹಳ ಶಾಣ್ಯಾ ಇರಬೇಕು ಎಂದು ಜನರ ಅಂದಾಜು. ಬೆಳಿಗ್ಗೆ ಮಾತ್ರೆ ನುಂಗಿದರೆ ಮುಕ್ಕಾಲು ಗಂಟೆಗೆ ಕೈ ನಿಲ್ಲುತ್ತಿತ್ತು, ಮೂರು ನಾಲ್ಕು ಗಂಟೆ ಹಾಗೇ ಇರುತ್ತಿತ್ತು. ಅಷ್ಟರಲ್ಲೇ ವ್ಯಾಪಾರ. ಅದಾದ ಮೇಲೆ ಯಾರಾದರೂ ಬಂದರೆ, ‘ಈಗ ಆಗೂದಿಲ್ಲ, ಟೈಮ್ ಮುಗೀತು’ ಎಂದು ಬ್ಯಾಂಕಿನ ಮ್ಯಾನೇಜರನ ಗತ್ತಿನಲ್ಲಿ ಕೈ ಧೋತರಕ್ಕೆ ಸಿಕ್ಕಿಸುತ್ತಿದ್ದ. ಇದನ್ನು ಕಂಡು ಆ ಏಳು ಜನರಲ್ಲಿ ಇಬ್ಬರು ತಾವೂ ಟೈಮ್ ಇಟ್ಟುಕೊಂಡರು. ದೊಡ್ಡ ದಲ್ಲಾಳಿಗಳ ಲಕ್ಷಣ ಎಂದುಕೊಂಡರೋ ಏನೋ.

ವರ್ಷ ಕಳೆದಂತೆ ನಾಲ್ಕು ಗಂಟೆ ಎರಡಾಯಿತು, ಎರಡು ಒಂದಾಯಿತು. ಒಂದು ದಿನ ಅವನೇ ಟವೆಲ್ ಮಡಿಸಿ ಮೊಳೆಗೆ ಹಾಕಿದ. ಯಾರೂ ತೆಗೆಸಲಿಲ್ಲ, ಆ ಹೆಮ್ಮೆ ಮಾತ್ರ ಉಳಿಸಿಕೊಂಡ.

ಸಾಯುವ ಮೂರು ತಿಂಗಳ ಮೊದಲು, ಒಂದು ಮಧ್ಯಾಹ್ನ ಹೋಗಿದ್ದೆ. ಗೋಡೆಗೆ ಒರಗಿ ಕೂತಿದ್ದ. ದನಿ ಬತ್ತಿಹೋಗಿತ್ತು, ಕಿವಿ ಹತ್ತಿರ ಒಯ್ದರೆ ಮಾತ್ರ ಮಾತು. ಕಾಕಿ ಚಹಾದ ಬಟ್ಟಲನ್ನು ತಾನೇ ಹಿಡಿದು ಕುಡಿಸುತ್ತಿದ್ದಳು.

‘ಫಿಲ್ಮ್ ಯಾರಿಗರ ತೋರಿಸಿದೇನು?’ ಎಂದು ಕೇಳಿದ. ಐದು ವರ್ಷದಿಂದ ಪ್ರತಿ ಸಲ ಅದೇ ಪ್ರಶ್ನೆ.

‘ಇಲ್ಲ. ಆದ್ರ ನೀ ಹೋದ ಮ್ಯಾಲ ತೋರಸೂದೇ.’

‘ಬ್ಯಾಡ. ನಾ ಕೈ ಹಿಡದು ಕೊಡಸಿದ ಎತ್ತು ಇನ್ನ ಹೊಲದಾಗ ಅದಾವ. ನಡಗೂ ಕೈಲೆ ನಂಗೂ ಜಾಸ್ತಿ ಒತ್ಯಾನ ಅಂತ ಒಬ್ಬೊಬ್ಬರೇ ಏಳತಾರ.’

‘ಎಷ್ಟ್ ದಿನ ಅಂತ ಮುಚ್ಚಿಡ್ಲಿ? ಒಂದ್ ಲೆಕ್ಕ ಹೇಳು.’

ಅವನ ಕಣ್ಣಲ್ಲಿ ಹಳೆಯ ಬೆಳಕು ಬಂತು. ಗದ್ದದಿಂದ ಮೊಳೆಯ ಕಡೆ ತೋರಿಸಿದ. ಕಾಕಿ ಟವೆಲ್ ತಂದು ನಮ್ಮಿಬ್ಬರ ಕೈ ಮೇಲೆ ಹೊದಿಸಿದಳು. ನನ್ನ ಗುರುವಿನ ಜೊತೆ ನಾನು ಮಾಡಿದ ಮೊದಲ ವ್ಯಾಪಾರ ಅದು. ನಾನು ಅವನ ಒಂದು ಬೆರಳು ಹಿಡಿದು ಒತ್ತಿದೆ: ಒಂದು ವರ್ಷ. ಅವನು ಕೈ ಜಗ್ಗಿಕೊಂಡ. ಮತ್ತೆ ಹಿಡಿದು ಒತ್ತಿದ. ಒತ್ತಿದನೋ, ನಡುಗಿದನೋ. ಮೂರು ಎಂದುಕೊಂಡೆ, ಐದಾಯಿತು, ಎಂಟಾಯಿತು, ನಿಲ್ಲಲೇ ಇಲ್ಲ. ಹತ್ತಿಕುಣಿಯವನ ಹುಬ್ಬು ಯಾಕೆ ಗಂಟಾಗಿತ್ತು ಎಂದು ನನಗೆ ಅವತ್ತು ತಿಳಿಯಿತು.

‘ಎಷ್ಟು, ಕಾಕಾ? ತಿಳಿಲಿಲ್ಲ. ಬಾಯಿಲೆ ಹೇಳು.’

‘ಟವೆಲ್ ಕೆಳಗಿಂದು ಬಾಯಿಲೆ ಹೇಳಬಾರದು’ ಎಂದ. ಜೀವ ಹೋಗುವ ಹೊತ್ತಿಗೂ ಕಾನೂನು. ಅಷ್ಟು ಹೇಳಿ ದಣಿದು, ಹಾಗೇ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಕೈ ನನ್ನ ಕೈಯಲ್ಲೇ ಇತ್ತು. ನಿದ್ದೆ ಹತ್ತಿತು, ನಡುಕ ನಿಧಾನಕ್ಕೆ ನಿಂತಿತು. ನಾನು ಬಿಡಿಸಿಕೊಳ್ಳದೆ ಕೂತೆ.

ಬಹಳ ಹೊತ್ತಿನ ಮೇಲೆ ಆ ಕೈ ಎಚ್ಚರವಾಯಿತು; ಮನುಷ್ಯ ಎಚ್ಚರವಾಗಲಿಲ್ಲ. ರೆಪ್ಪೆಯ ಕೆಳಗೆ ಕಣ್ಣುಗಳು ಓಡಾಡುತ್ತಿದ್ದವು. ಇಕ್ಕಳದಂತೆ ನನ್ನ ಮಣಿಕಟ್ಟು ಹಿಡಿದು, ಸಂತೆಯ ಆ ಕೊನೆಗೆ ಕೇಳುವ ಹಳೆಯ ದನಿಯಲ್ಲಿ ಚೀರಿದ: ‘ಒಂದೇ ಮಾತು! ಹಗ್ಗ ಬಿಡೋ!’ ನನ್ನ ಒಂದು ಬೆರಳು ಹಿಡಿದು ಒಂದೇ ಸಲ ಒತ್ತಿದ. ನಡುಕವಿಲ್ಲ, ಎರಡನೆಯದಿಲ್ಲ. ಒತ್ತಿ ಬಿಟ್ಟುಬಿಟ್ಟ.

ಈ ರೋಗದವರಲ್ಲಿ ಕೆಲವರಿಗೆ ಕನಸಿನಲ್ಲಿ ಕೈಯೂ ದನಿಯೂ ಹೀಗೆ ಮರಳುವುದುಂಟು ಎಂದು ಡಾಕ್ಟರಮ್ಮ ಆಮೇಲೆ ಫೋನಿನಲ್ಲಿ ಹೇಳಿದಳು. ಕನಸಿನಲ್ಲಿ ಅವನು ಯಾವ ಊರಿನ ಯಾವ ಗಿರಾಕಿಗೆ ಯಾವ ಎತ್ತು ಕೊಡುತ್ತಿದ್ದನೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಸುಳ್ಳು ಹೇಳುವುದೂ ಇಲ್ಲ. ಕಾಕಿಯ ಮುಖ ನೋಡಿದೆ.

‘ನನ್ನೇನ್ ನೋಡ್ತಿ?’ ಎಂದಳು ಟವೆಲ್ ಮಡಿಸುತ್ತ. ‘ಹದಿನೇಳು ವರ್ಷ ಆ ಕೈಲೆ ಗುದ್ದು ತಿಂದಾಕಿ ನಾನು. ನಿದ್ದ್ಯಾಗ ಅದು ಒಮ್ಮೆರ ಗುರಿ ತಪ್ಪಿಲ್ಲ.’

ಎಚ್ಚರದ ಕೈ ಹತ್ತು ವರ್ಷ ಕೇಳಿತ್ತೇನೋ. ಮಲಗಿದ ಕೈ ಒಂದಕ್ಕೆ ಒಪ್ಪಿತು. ನಾನು ವ್ಯಾಪಾರಿ, ನಡುಗದ ಕೈಯನ್ನೇ ಹಿಡಿದೆ. ಉಳಿದ ಬೆರಳುಗಳ ಲೆಕ್ಕಕ್ಕೆ ಅವನ ಹೆಸರು ಬರೆಯದೆ ಬಿಟ್ಟಿದ್ದೇನೆ. ಅಷ್ಟಾದರೂ ಬಿಟ್ಟುಕೊಡದಿದ್ದರೆ ನಾನೂ ಫ್ಲೆಕ್ಸಿನಲ್ಲಿ ನಿಲ್ಲುವವನೇ.

ಒಂದು ಬೆರಳು, ಒಂದು ವರ್ಷ. ನಿನ್ನೆಗೆ ತುಂಬಿತು. ಫಿಲ್ಮ್ ಬೀರುವಿನಿಂದ ತೆಗೆದು ಒರೆಸಿಟ್ಟಿದ್ದೇನೆ. ಸಂತೆ ನಾಳಿದ್ದು.